ದೇವರ ಮೇಲೆ ಕೇಸು ಹಾಕಿದ ಶಾಸಕ: ನೆಬ್ರಾಸ್ಕಾದ ಅರ್ನಿ ಚೇಂಬರ್ಸ್ ನಿಜಕ್ಕೂ ಯಾರು?

ಬೀದಿಬೆಳಕು:

‘ಅಮೆರಿಕದ ಶಾಸಕನೊಬ್ಬ ದೇವರ ಮೇಲೇ ಕೇಸು ಹಾಕಿದ, ದೇವರಿಗೆ ವಿಳಾಸ ಇಲ್ಲ ಅಂತ ಜಡ್ಜ್ ವಜಾ ಮಾಡಿದರು’ ಅನ್ನೋ ಸುದ್ದಿ ಮತ್ತೆ ವಾಟ್ಸಾಪಿನಲ್ಲಿ ತಿರುಗ್ತಾ ಇದೆ. ಕೆಳಗೆ ನಗುವ ಮುಖಗಳ ಸಾಲು. ಸುದ್ದಿ ಸುಳ್ಳಲ್ಲ. ಆದರೆ ಆ ಮನುಷ್ಯ 46 ವರ್ಷ ಶಾಸಕನಾಗಿದ್ದ, ಅವನನ್ನು ಮನೆಗೆ ಕಳಿಸೋದಕ್ಕೆ ರಾಜ್ಯದ ಸಂವಿಧಾನವನ್ನೇ ತಿದ್ದಬೇಕಾಯಿತು ಅನ್ನೋದನ್ನು ಯಾರೂ ಫಾರ್ವರ್ಡ್ ಮಾಡಲ್ಲ. ಅದಕ್ಕೇ ಈ ಎಳೆ.

ಅರ್ನಿ ಚೇಂಬರ್ಸ್ ಹುಟ್ಟಿದ್ದು 1937ರಲ್ಲಿ, ನೆಬ್ರಾಸ್ಕಾದ ಒಮಾಹಾ ನಗರದಲ್ಲಿ. ಕರಿಯರ ಹಕ್ಕಿನ ಹೋರಾಟಗಾರ ಮಾಲ್ಕಂ ಎಕ್ಸ್ ಹುಟ್ಟಿದ ಊರೂ ಅದೇ. ಕರಿಯರು ಹೆಚ್ಚಾಗಿ ಇರುವ ಉತ್ತರ ಒಮಾಹಾದಲ್ಲಿ ಬೆಳೆದ. ಅಂಚೆ ಇಲಾಖೆಯಲ್ಲಿ ಕೆಲಸಕ್ಕಿದ್ದಾಗ ಮೇಲಧಿಕಾರಿಗಳು ದೊಡ್ಡ ವಯಸ್ಸಿನ ಕರಿಯ ನೌಕರರನ್ನೂ ‘ಲೇ ಹುಡುಗ’ ಅನ್ನುವ ಧಾಟಿಯಲ್ಲಿ ಕರೆಯುತ್ತಿದ್ದರಂತೆ. ಇವನು ಎದುರು ಮಾತಾಡಿದ. 1963ರಲ್ಲಿ ‘ಅವಿಧೇಯತೆ’ ಅಂತ ಬರೆದು ಕೆಲಸದಿಂದ ತೆಗೆದರು. ಆಮೇಲೆ ಕ್ಷೌರದ ಅಂಗಡಿ ಸೇರಿದ. ಕೂದಲು ಕತ್ತರಿಸುತ್ತಾ ರಾಜಕೀಯ ಮಾತಾಡುವುದು, ಬಂದವರ ಅಹವಾಲು ಕೇಳುವುದು. 1966ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಅವನು ಇದೇ ಅಂಗಡಿಯಲ್ಲಿ ನಿಂತು ಬಿಳಿಯ ಪಾದ್ರಿಯೊಬ್ಬರಿಗೆ ಮುಖಕ್ಕೆ ಹೊಡೆದ ಹಾಗೆ ಸತ್ಯ ಹೇಳ್ತಾನೆ. ಆ ಚಿತ್ರ ಆಸ್ಕರ್‌ಗೂ ನಾಮನಿರ್ದೇಶನ ಆಗಿತ್ತು.

1969ರ ಜೂನ್‌ನಲ್ಲಿ ವಿವಿಯನ್ ಸ್ಟ್ರಾಂಗ್ ಅನ್ನುವ 14 ವರ್ಷದ ಹುಡುಗಿಯನ್ನು ಒಮಾಹಾ ಪೊಲೀಸ್ ಒಬ್ಬ ಗುಂಡಿಟ್ಟು ಕೊಂದ. ಉತ್ತರ ಒಮಾಹಾ ಹೊತ್ತಿ ಉರಿಯಿತು. ಗುಂಡು ಹೊಡೆದವನಿಗೆ ಕೋರ್ಟಿನಲ್ಲಿ ಖುಲಾಸೆ. ಮರುವರ್ಷವೇ ಚೇಂಬರ್ಸ್ 11ನೇ ಕ್ಷೇತ್ರದಿಂದ ನಿಂತು ಗೆದ್ದ. 1971ರ ಜನವರಿಯಲ್ಲಿ ಸದನಕ್ಕೆ ಹೋದವನು ಮುಂದಿನ 38 ವರ್ಷ ಅಲ್ಲಿಂದ ಅಲುಗಲಿಲ್ಲ. ಅದರಲ್ಲಿ ಬಹುಪಾಲು ಕಾಲ ಆ ಸದನದಲ್ಲಿ ಇದ್ದ ಕರಿಯ ಸದಸ್ಯ ಅವನೊಬ್ಬನೇ. ಕೋಟು ಟೈ ಹಾಕಿದವನಲ್ಲ, ಸದನಕ್ಕೂ ಜೀನ್ಸು, ಟೀ ಶರ್ಟು.

ಶಾಸಕನಾಗಿದ್ದುಕೊಂಡೇ 1979ರಲ್ಲಿ ಕ್ರೈಟನ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದ. ಆದರೆ ವಕೀಲರ ಸಂಘ ಸೇರುವುದಿಲ್ಲ ಅಂತ ಹಟ ಹಿಡಿದು ವಕೀಲಿಕೆ ಮಾಡಲಿಲ್ಲ.

ನನ್ನ ವಾದ ಇಷ್ಟು: ಅವನ ಆಯುಧ ಭಾಷಣ ಅಲ್ಲ, ಸದನದ ನಿಯಮಾವಳಿ. 49 ಜನರಲ್ಲಿ ಒಬ್ಬನೇ ಇದ್ದರೂ ಇಡೀ ಸದನವನ್ನು ಕಾಯಿಸಬಲ್ಲ ಅನ್ನುವುದನ್ನು ಅವನಷ್ಟು ಚೆನ್ನಾಗಿ ಮಾಡಿ ತೋರಿಸಿದವರು ಅಮೆರಿಕದ ರಾಜ್ಯ ಶಾಸನಸಭೆಗಳಲ್ಲಿ ಕಡಿಮೆ. ಒಪ್ಪದವರು ಬನ್ನಿ.

ಕಾಫಿತೋಟ:

ಎಲ್ಲಾ ಸರಿ ಗುರುಗಳೇ, ದೇವರ ಕೇಸು ಏನಾಯ್ತು ಅದನ್ನ ಹೇಳಿ ಮೊದಲು. ನಾನು ಅದಕ್ಕೇ ಒಳಗೆ ಬಂದಿದ್ದು 😄

ಹುಬ್ಬಳ್ಳಿ ವಕೀಲ:

ನಾ ಹೇಳ್ತೀನಿ ತಡೀರಿ. 2007ರ ಸೆಪ್ಟೆಂಬರ್‌ದಾಗ ಡಗ್ಲಸ್ ಕೌಂಟಿ ಕೋರ್ಟಿಗೆ ದಾವಾ ಹಾಕಿದ್ರು. ಪ್ರತಿವಾದಿ ದೇವರು. ಭೂಕಂಪ, ಪ್ರವಾಹ, ಬಿರುಗಾಳಿ ತಂದು ಕೋಟ್ಯಂತರ ಜನರಿಗೆ ಭೀತಿ ಹುಟ್ಟಿಸ್ಯಾನ, ಅವಂಗ ಕಾಯಂ ತಡೆಯಾಜ್ಞೆ ಕೊಡ್ರಿ ಅಂತ ಪ್ರಾರ್ಥನಾ. ಯಾಕ ಹಾಕಿದ್ರು ಗೊತ್ತೇನ್ರೀ? ಹುರುಳಿಲ್ಲದ ದಾವಾ ತಡೀಬೇಕು ಅಂತ ಆವಾಗ ಮಾತು ನಡದಿತ್ತು. ಯಾರು ಯಾರ ಮ್ಯಾಲ ಬೇಕಾದ್ರೂ ದಾವಾ ಹಾಕಬಹುದು, ಕೋರ್ಟಿನ ಬಾಗಲಾ ಯಾರಿಗೂ ಮುಚ್ಚಬಾರದು ಅಂತ ತೋರಸಾಕ ಹಾಕಿದ್ದು. ಪ್ರತಿವಾದಿ ಕಡಿಯಿಂದ ಯಾರೋ ಉತ್ತರಾನೂ ಫೈಲ್ ಮಾಡಿದ್ರು ಅನ್ನೋದು ಬ್ಯಾರೆ ಮಜಾ.

2008ರ ಅಕ್ಟೋಬರ್‌ದಾಗ ನ್ಯಾಯಾಧೀಶ ಮಾರ್ಲನ್ ಪೋಕ್ ವಜಾ ಮಾಡಿದ್ರು. ಸಮನ್ಸ್ ಜಾರಿ ಮಾಡಾಕ ವಿಳಾಸ ಇಲ್ಲ, ಜಾರಿ ಆಗದ ದಾವಾ ನಡಿಯಂಗಿಲ್ಲ ಅಂತ. ಅದಕ್ಕ ಈ ಮನಷ್ಯಾ ಏನಂದ ನೋಡ್ರಿ: ಕೋರ್ಟು ದೇವರು ಇದ್ದಾನ ಅಂತ ಒಪ್ಪಿಕೊಂಡಂಗಾತು, ಅವ ಸರ್ವಜ್ಞ ಅಂತಾನೂ ಒಪ್ಪಬೇಕಾತು, ಸರ್ವಜ್ಞಗ ನೋಟೀಸ್ ಬ್ಯಾರೆ ಯಾಕ ಬೇಕು? ಕಾನೂನು ಓದಿದಾಂವ ಅನ್ನೋದು ಇಲ್ಲೇ ಗೊತ್ತಾಕ್ಕೈತಿ.

ಖರೇ ಅಂದ್ರ ಅವರ ದೊಡ್ಡ ಕೇಸ್ ಇದಲ್ಲ. ಮಾರ್ಷ್ ವಿರುದ್ಧ ಚೇಂಬರ್ಸ್, 1983. ಅಮೆರಿಕದ ಸುಪ್ರೀಂ ಕೋರ್ಟ್. ನೆಬ್ರಾಸ್ಕಾ ಸದನ ದಿನಾ ಪ್ರಾರ್ಥನಾದಿಂದ ಚಾಲೂ ಆಗತಿತ್ತು, ಮಾಡಸಾಕ ಒಬ್ಬ ಪಾದ್ರಿ. ರಾಬರ್ಟ್ ಪಾಮರ್ ಅಂತ, ಪ್ರೆಸ್ಬಿಟೇರಿಯನ್. 1965ರಿಂದ ಅವರೇ. ಸರಕಾರದ ಖಜಾನಿಯಿಂದ ತಿಂಗಳಿಗೆ 319 ಡಾಲರ್ 75 ಸೆಂಟ್ ಪಗಾರ. ಜನರ ತೆರಿಗಿ ರೊಕ್ಕಾ ಒಂದ ಧರ್ಮದ ಪಾದ್ರಿಗೆ ಕೊಡೂದು ಸಂವಿಧಾನಕ್ಕ ವಿರುದ್ಧ ಅಂತ ಚೇಂಬರ್ಸ್ ದಾವಾ ಹೂಡಿದ್ರು. ಮಾರ್ಷ್ ಅಂದ್ರ ರಾಜ್ಯದ ಖಜಾಂಚಿ. ಕೆಳಗಿನ ಕೋರ್ಟು ಪ್ರಾರ್ಥನಾ ಇರಲಿ, ಪಗಾರ ಬ್ಯಾಡ ಅಂತು. ಮೇಲ್ಮನವಿ ಕೋರ್ಟು ಇಡೀ ಪದ್ಧತೀನ ತಪ್ಪು ಅಂತು. ಅಲ್ಲಿತನಕ ಗೆದ್ದಾಂವ ಸುಪ್ರೀಂ ಕೋರ್ಟಿನ್ಯಾಗ 6-3ರಲ್ಲಿ ಸೋತ. ಮುಖ್ಯ ನ್ಯಾಯಮೂರ್ತಿ ಬರ್ಗರ್ ಬರದ್ರು: 1789ರ ಮೊದಲ ಕಾಂಗ್ರೆಸ್ಸ ಪಾದ್ರಿನ್ನ ನೇಮಿಸಿತ್ತು, ಸರಕಾರ ಯಾವ ಧರ್ಮಾನೂ ಸ್ಥಾಪಿಸಬಾರದು ಅನ್ನೋ ಕಲಮು ಇರೋ ಹಕ್ಕುಗಳ ಮಸೂದಿ ಒಪ್ಪಿದಾವರೂ ಅವರ, ಅಂದಮ್ಯಾಲ ಇದು ಅವರ ಕಣ್ಣಾಗ ತಪ್ಪಿರಲಿಲ್ಲ. ಬ್ರೆನ್ನನ್, ಮಾರ್ಷಲ್, ಸ್ಟೀವನ್ಸ್ ಒಪ್ಪಲಿಲ್ಲ.

ಸಂದೇಹಿ:

ಓದಿದೆ. ಎರಡು ಕೇಸು, ಎರಡೂ ಸೋಲು. ಸದನದಲ್ಲಿ ಬೇರೆಯವರ ಮಸೂದೆಗೆ ಅಡ್ಡಗಾಲು. ಇದನ್ನು ಸಾಧನೆ ಅಂತ ಕರೀಬೇಕಾ? ಅವರ ಕ್ಷೇತ್ರದ ಜನಕ್ಕೆ ಏನು ಸಿಕ್ಕಿತು, ಅದನ್ನು ಹೇಳಿ. 46 ವರ್ಷ ಒಂದೇ ಕುರ್ಚಿ ಅನ್ನೋದನ್ನು ನಮ್ಮ ಕಡೆಯ ರಾಜಕಾರಣಿ ಮಾಡಿದ್ದರೆ ನೀವೆಲ್ಲ ಇದೇ ವೇದಿಕೆಯಲ್ಲಿ ಬೈತಿದ್ದಿರಿ.

ಪ್ರೇರಿ ಅಕ್ಕ:

ನಾನು ಮದುವೆಯಾಗಿ ಬಂದಿದ್ದು ಲಿಂಕನ್‌ಗೆ, ರಾಜ್ಯದ ರಾಜಧಾನಿ. ಒಮಾಹಾ ಇಲ್ಲಿಂದ ಸುಮಾರು 80 ಕಿಲೋಮೀಟರ್. ಸಂದೇಹಿಯವರ ಪ್ರಶ್ನೆ ನ್ಯಾಯವಾದದ್ದೇ, ಇಲ್ಲಿನವರೂ ಕೇಳ್ತಾರೆ.

ಸಿಕ್ಕಿದ್ದು ಏನು ಅಂದರೆ, ಮೊದಲನೆಯದು ಒಮಾಹಾ ನಗರಸಭೆ ಚುನಾವಣೆ. ಮುಂಚೆ ಇಡೀ ಊರಿಗೆ ಊರೇ ಎಲ್ಲ ಸದಸ್ಯರಿಗೂ ಮತ ಹಾಕುವ ಪದ್ಧತಿ. ಬಿಳಿಯರೇ ಹೆಚ್ಚಿರುವ ಊರಲ್ಲಿ ಉತ್ತರ ಒಮಾಹಾದ ಮನುಷ್ಯ ಗೆಲ್ಲೋದು ಹೇಗೆ? ಚೇಂಬರ್ಸ್ ಅದನ್ನು ವಾರ್ಡುವಾರು ಮಾಡಿಸೋ ಕಾನೂನು ತಂದರು. 1981ರಲ್ಲಿ ಫ್ರೆಡ್ ಕಾನ್ಲಿ ಗೆದ್ದರು, ಒಮಾಹಾ ನಗರಸಭೆಯ ಮೊದಲ ಕರಿಯ ಸದಸ್ಯ. ನನ್ನ ಕೇಳಿದರೆ ಇದೊಂದೇ ಸಾಕು. ಒಬ್ಬರನ್ನು ಗೆಲ್ಲಿಸೋದು ಬೇರೆ, ಮುಂದೆ ಬರೋರೆಲ್ಲ ಗೆಲ್ಲೋ ಹಾಗೆ ದಾರಿ ಮಾಡೋದು ಬೇರೆ. ಇನ್ನೊಂದು, 1980ರಲ್ಲೇ ಈ ಸದನ ವರ್ಣಭೇದದ ದಕ್ಷಿಣ ಆಫ್ರಿಕಾದಿಂದ ಹೂಡಿಕೆ ವಾಪಸ್ ತೆಗೀಬೇಕು ಅಂತ ನಿರ್ಣಯ ಮಾಡ್ತು. ಜೋಳ, ದನ, ಫುಟ್‌ಬಾಲ್ ಬಿಟ್ಟರೆ ಬೇರೆ ಸುದ್ದಿ ಇಲ್ಲದ ರಾಜ್ಯ ಅಂದ್ಕೊಳ್ಳಿ. ಅದರ ಹಿಂದೆ ಇದ್ದಿದ್ದೂ ಇವರೇ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯೋದನ್ನ ನಿಲ್ಲಿಸಿದ ಕಾನೂನು ಕೂಡ ಇವರದ್ದು, 1988.

ಕುರ್ಚಿ ಅಂದಿರಲ್ಲ, ಅದರ ಸಂಬಳ ಎಷ್ಟು ಗೊತ್ತಾ? ವರ್ಷಕ್ಕೆ 12,000 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ. 1988ರಿಂದ ಏರಿಲ್ಲ. ಏರಿಸಬೇಕಾದರೆ ಜನ ಮತ ಹಾಕಬೇಕು, ಜನ ಹಾಕಲ್ಲ.

ಮಾಸ್ತರು (ನಿವೃತ್ತ):

ಇಲ್ಲಿ ಸದನದ ರಚನೆ ಹೇಳದೆ ಮಾತು ಮುಂದುವರಿದರೆ ಹೊಸಬರಿಗೆ ಅರ್ಥವಾಗುವುದಿಲ್ಲ. ಅಮೆರಿಕದ 50 ರಾಜ್ಯಗಳಲ್ಲಿ ಒಂದೇ ಸದನ ಇರುವುದು ನೆಬ್ರಾಸ್ಕಾದಲ್ಲಿ ಮಾತ್ರ. ಮೊದಲು ಅಲ್ಲಿಯೂ ಎರಡಿದ್ದವು, ಒಟ್ಟು 133 ಸದಸ್ಯರು. ಜಾರ್ಜ್ ನಾರಿಸ್ ಎಂಬ, ಕೇಂದ್ರ ಸಂಸತ್ತಿನ ಹಿರಿಯ ಸೆನೆಟರ್ ಊರೂರು ಸುತ್ತಿ 1934ರಲ್ಲಿ ಜನಮತದಿಂದ ಒಂದನ್ನು ರದ್ದು ಮಾಡಿಸಿದರು. ಎರಡು ಸದನಗಳ ಭಿನ್ನಾಭಿಪ್ರಾಯ ತೀರಿಸಲು ಕೂರುವ ಸಣ್ಣ ಜಂಟಿ ಸಮಿತಿಯಲ್ಲಿ, ಮುಚ್ಚಿದ ಬಾಗಿಲ ಹಿಂದೆ ನಿಜವಾದ ಕಾನೂನು ಆಗುತ್ತದೆ, ಅದಕ್ಕೆ ಯಾರೂ ಹೊಣೆಯಲ್ಲ ಎನ್ನುವುದು ಅವರ ದೂರು. 1937ರಲ್ಲಿ ಏಕಸದನ ಶುರುವಾಯಿತು. ಈಗ 49 ಸದಸ್ಯರು. ಎಲ್ಲರನ್ನೂ ಸೆನೆಟರ್ ಎಂದೇ ಕರೆಯುತ್ತಾರೆ. ಮತಪತ್ರದಲ್ಲಿ ಪಕ್ಷದ ಹೆಸರೂ ಇಲ್ಲ, ಚಿಹ್ನೆಯೂ ಇಲ್ಲ. ಸಮಿತಿ ಅಧ್ಯಕ್ಷರನ್ನು ಗುಪ್ತ ಮತದಾನದಿಂದ ಸದನವೇ ಆರಿಸುತ್ತದೆ. ವಿಪ್ ಎಂಬ ಚಾಟಿ ಅಲ್ಲಿಲ್ಲ.

ಆದುದರಿಂದ ಬೀದಿಬೆಳಕು ಅವರೇ, ಚೇಂಬರ್ಸ್ ಅವರ ಶಕ್ತಿಯಲ್ಲಿ ಅರ್ಧ ಪಾಲು ಆ ಮನೆಯದು. ಬೇರೆ ರಾಜ್ಯದಲ್ಲಿ ಬಹುಮತದ ಪಕ್ಷದ ನಾಯಕ ಇಂಥವರನ್ನು ಮೂಲೆಗೆ ಕೂರಿಸಿ ಮರೆತುಬಿಡುತ್ತಿದ್ದ.

ಬೀದಿಬೆಳಕು:

ಮಾಸ್ತರರ ಮಾತು ಮುಕ್ಕಾಲು ಒಪ್ತೀನಿ. ಮನೆ ಎಲ್ಲರಿಗೂ ಒಂದೇ ಇತ್ತು ಸರ್, ಉಳಿದ 48 ಜನಕ್ಕೂ. ಅದೇ ನಿಯಮದ ಪುಸ್ತಕ ಅವರ ಕೈಯಲ್ಲೂ ಇತ್ತು.

ಕೆಲಸ ಹೇಗೆ ಅಂದರೆ: ಅಧಿವೇಶನ ಒಂದು ವರ್ಷ 90 ದಿನ, ಇನ್ನೊಂದು ವರ್ಷ 60 ದಿನ, ಅಷ್ಟೇ. ಚರ್ಚೆಯನ್ನು ಬಲವಂತವಾಗಿ ನಿಲ್ಲಿಸಬೇಕಾದರೆ ಈಗ 33 ಮತ ಬೇಕು. ಚೇಂಬರ್ಸ್ ಒಂದು ಮಸೂದೆಗೆ ತಿದ್ದುಪಡಿ ಮೇಲೆ ತಿದ್ದುಪಡಿ, ಸೂಚನೆ ಮೇಲೆ ಸೂಚನೆ ಹಾಕ್ತಾ ಹೋಗ್ತಾನೆ. ಪ್ರತಿಯೊಂದರ ಮೇಲೂ ಮಾತಾಡೋ ಹಕ್ಕು. ಬೈಬಲ್ ಬಾಯಿಪಾಠ, ಪದ್ಯ ಕಟ್ಟಿ ಓದ್ತಾನೆ, ನಾಸ್ತಿಕ ಬೇರೆ. ಅಧಿವೇಶನದ ಕೊನೆಯ ವಾರಗಳಲ್ಲಿ ಒಂದೊಂದು ಗಂಟೆಗೂ ಬೆಲೆ ಇರುತ್ತಲ್ಲ, ತಮ್ಮ ಮಸೂದೆ ಪಾಸಾಗಬೇಕು ಅನ್ನೋರೆಲ್ಲ ಆಗ ಇವನ ಮೇಜಿನ ಹತ್ತಿರ ಬರಲೇಬೇಕು. ಹಾಗೆ ಬಂದಾಗ ಕೆಟ್ಟ ಕಲಮು ತೆಗೆಸಿದ್ದು, ಒಳ್ಳೆಯ ಕಲಮು ಸೇರಿಸಿದ್ದು ಯಾವುದೂ ಅವನ ಹೆಸರಲ್ಲಿ ದಾಖಲಾಗಲ್ಲ. ಅದಕ್ಕೇ ಸಂದೇಹಿಯವರಿಗೆ ಪಟ್ಟಿ ಕೊಡೋದು ಕಷ್ಟ.

ಕೊನೆಗೆ 2000ದಲ್ಲಿ ಜನಮತದಿಂದ ರಾಜ್ಯ ಸಂವಿಧಾನಕ್ಕೆ ತಿದ್ದುಪಡಿ ಬಂತು: ಸತತ ಎರಡು ಅವಧಿ, ಅಂದರೆ 8 ವರ್ಷ, ಅದಾದ ಮೇಲೆ ಮನೆಗೆ. ಇದು ಚೇಂಬರ್ಸ್‌ಗಾಗಿಯೇ ಹೆಣೆದ ಬಲೆ ಅಂತ ಅಲ್ಲಿ ಎಲ್ಲರೂ ಮಾತಾಡಿಕೊಂಡರು. 2009ರ ಜನವರಿಯಲ್ಲಿ ಹೊರಗೆ ಹೋದ. ತಿದ್ದುಪಡಿಯಲ್ಲಿ ‘ಸತತ’ ಅಂತ ಇತ್ತಲ್ಲ? ಒಂದು ಅವಧಿ ಬಿಟ್ಟು 2012ರಲ್ಲಿ ನಿಂತ, ಆಗಿನ ಸದಸ್ಯೆ ಬ್ರೆಂಡಾ ಕೌನ್ಸಿಲ್ ಅವರನ್ನು ಸೋಲಿಸಿ 75ನೇ ವಯಸ್ಸಿನಲ್ಲಿ ವಾಪಸ್ ಬಂದ. ಬಲೆ ಹೆಣೆದವರ ಮುಖ ನೋಡಬೇಕಿತ್ತು.

ಕಾಫಿತೋಟ:

ಬಂದು ಮಾಡಿದ್ದೇನು, ಮತ್ತೆ ತಿದ್ದುಪಡಿ?

ಬೀದಿಬೆಳಕು:

ಚಿರತೆ ಬೇಟೆ ನಿಲ್ಲಿಸೋಕೆ ಹೊರಟ! ಅಲ್ಲಿನ ಬೆಟ್ಟದ ಸಿಂಹ, ಪೂಮಾ. ನೆಬ್ರಾಸ್ಕಾದಲ್ಲಿ ಇದ್ದಿದ್ದೇ ಬೆರಳೆಣಿಕೆಯಷ್ಟು, ಅದಕ್ಕೂ ಬೇಟೆ ಪರವಾನಗಿ ಕೊಟ್ಟಿದ್ದರು. ರದ್ದು ಮಾಡೋ ಮಸೂದೆ 2014ರಲ್ಲಿ ಪಾಸ್ ಮಾಡಿಸಿದ, ಗವರ್ನರ್ ಹೈನ್‌ಮನ್ ವೀಟೋ ಹಾಕಿದರು. ವೀಟೋ ಮುರಿಯೋಕೆ ಮತ ಸಾಲಲಿಲ್ಲ.

ಸಂದೇಹಿ:

ಸರಿ, ಈಗ ನಾನೂ ಎರಡು ದಾಖಲೆ ಇಡ್ತೀನಿ, ಪೂಜೆ ಸ್ವಲ್ಪ ಕಡಿಮೆಯಾಗಲಿ.

2006ರಲ್ಲಿ ಒಮಾಹಾದ ಸಾರ್ವಜನಿಕ ಶಾಲಾ ವ್ಯವಸ್ಥೆಯನ್ನು ಮೂರು ಭಾಗ ಮಾಡುವ ತಿದ್ದುಪಡಿ ತಂದಿದ್ದು ಯಾರು? ಇದೇ ಚೇಂಬರ್ಸ್. ಒಂದು ಭಾಗದಲ್ಲಿ ಹೆಚ್ಚಾಗಿ ಬಿಳಿಯರು, ಒಂದರಲ್ಲಿ ಕರಿಯರು, ಒಂದರಲ್ಲಿ ಲ್ಯಾಟಿನೋಗಳು. ಬಣ್ಣದ ಪ್ರಕಾರ ಶಾಲೆ ಬೇರೆ ಮಾಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ ಬ್ರೌನ್ ತೀರ್ಪು ಬಂದು ಅರ್ಧ ಶತಮಾನ ಆದಮೇಲೆ! ಆ ಕಾನೂನಿನ ವಿರುದ್ಧ ಎನ್‌ಎಎಸಿಪಿಯೇ ಕೋರ್ಟಿಗೆ ಹೋಯಿತು, ಕರಿಯರ ಹಕ್ಕಿಗಾಗಿ ಹೋರಾಡುವ ಅತಿ ಹಳೆಯ ಸಂಘಟನೆ. ಜಾರಿಗೆ ಬರುವ ಮೊದಲೇ 2007ರಲ್ಲಿ ಸದನವೇ ರದ್ದು ಮಾಡಿತು.

ಎರಡು, 2015ರ ಮಾರ್ಚ್. ಸಮಿತಿ ಸಭೆಯಲ್ಲಿ ಪೊಲೀಸರನ್ನು ಐಸಿಸ್ ಉಗ್ರರಿಗೆ ಹೋಲಿಸಿದರು. ಬಂದೂಕು ಹಿಡಿದರೆ ಪೊಲೀಸರ ವಿರುದ್ಧವೇ ಹಿಡಿಯುತ್ತಿದ್ದೆ ಅನ್ನುವ ಅರ್ಥದ ಮಾತು. ಸದನದಲ್ಲಿ ಒಬ್ಬರ ಹಿಂದೆ ಒಬ್ಬರು ಎದ್ದು ಕ್ಷಮೆ ಕೇಳಿ ಅಂದರು. ಕೇಳಲಿಲ್ಲ. ಜವಾಬ್ದಾರಿ ಸ್ಥಾನದಲ್ಲಿರುವವರು ಆಡುವ ಮಾತಾ ಅದು?

ಪ್ರೇರಿ ಅಕ್ಕ:

ಎರಡನೆಯದಕ್ಕೆ ನಾನು ಸಮರ್ಥನೆ ಕೊಡಲ್ಲ. ವಿವಿಯನ್ ಸ್ಟ್ರಾಂಗ್ ಸತ್ತ ಬೀದಿಯಿಂದ ಬಂದ ಮನುಷ್ಯ ಅಂತ ಅರ್ಥವಾಗುತ್ತೆ, ಆದರೂ ಆ ಮಾತು ಬೇಡವಾಗಿತ್ತು.

ಮೊದಲನೆಯದು ಹಾಗಲ್ಲ ಸಂದೇಹಿಯವರೇ. ಅದರ ಹಿಂದಿನ ವರ್ಷ ಒಮಾಹಾ ಶಾಲಾ ಮಂಡಳಿ ಸುತ್ತಲಿನ ಶ್ರೀಮಂತ ಉಪನಗರಗಳ ಶಾಲೆಗಳನ್ನೂ ತನ್ನ ಕೆಳಗೆ ತಗೊಳ್ತೀನಿ ಅಂತ ಹೊರಟಿತ್ತು. ಉಪನಗರದವರು ಕೆಂಡವಾಗಿದ್ದರು. ಆ ಗದ್ದಲದ ನಡುವೆ ಬಂದ ತಿದ್ದುಪಡಿ ಅದು. ಚೇಂಬರ್ಸ್ ವಾದ: ಶಾಲೆಗಳು ಈಗಾಗಲೇ ಬಣ್ಣದ ಪ್ರಕಾರ ಬೇರೆಬೇರೆಯೇ ಇವೆ, ಬೇರೆ ಬೇರೆ ಬಡಾವಣೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ಬೆರೆಸುವುದನ್ನೂ ನಿಲ್ಲಿಸಿದ್ದೀರಿ, ಹಾಗಿದ್ದ ಮೇಲೆ ನಮ್ಮ ಮಕ್ಕಳ ಶಾಲೆಯ ಆಡಳಿತವಾದರೂ ನಮ್ಮ ಕೈಲಿ ಇರಲಿ. ಸರಿಯೋ ತಪ್ಪೋ, ಬೇರ್ಪಡಿಸಬೇಕು ಅಂತ ಹೊರಟವರ ವಾದ ಅಲ್ಲ ಅದು. ನನಗೆ ಮಾತ್ರ ಆ ಕಾನೂನು ರದ್ದಾಗಿದ್ದೇ ಒಳ್ಳೆಯದಾಯ್ತು ಅನ್ನಿಸುತ್ತೆ. ಈ ತಲೆಮಾರಿಗೆ ಅಧಿಕಾರ ಸಿಕ್ಕಿದರೂ ಮುಂದಿನವರಿಗೆ ಗೋಡೆ ಉಳಿಯುತ್ತಿತ್ತು.

ಮಾಸ್ತರು (ನಿವೃತ್ತ):

ಮಾರ್ಚ್ 2015ರ ಮಾತು ಬಂದದ್ದು ಒಳ್ಳೆಯದಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ನಡೆದದ್ದನ್ನು ಇನ್ನೂ ಯಾರೂ ಎತ್ತಿಲ್ಲ.

ಚೇಂಬರ್ಸ್ ಅವರ ಜೀವನದ ದೊಡ್ಡ ಕೆಲಸ ಮರಣದಂಡನೆಯ ವಿರುದ್ಧದ ಹೋರಾಟ. ಹೆಚ್ಚುಕಡಿಮೆ ಪ್ರತಿ ಬಾರಿಯೂ ರದ್ದತಿ ಮಸೂದೆ ಮಂಡಿಸುತ್ತಿದ್ದರು. 1979ರಲ್ಲಿ ಒಮ್ಮೆ ಸದನ ಅಂಗೀಕರಿಸಿತು, ಗವರ್ನರ್ ಚಾರ್ಲ್ಸ್ ಥೋನ್ ವೀಟೋ ಹಾಕಿದರು. 1994ರಲ್ಲಿ ಹೆರಾಲ್ಡ್ ಓಟಿ ಎಂಬ ಕರಿಯ ಕೈದಿಯನ್ನು ವಿದ್ಯುತ್ ಕುರ್ಚಿಗೆ ಕಳಿಸಿದರು, 1959ರ ನಂತರ ಆ ರಾಜ್ಯದಲ್ಲಿ ಮೊದಲನೆಯದು. ಜೈಲಿನ ಹೊರಗೆ ಜನ ಜಾತ್ರೆಯಂತೆ ಸೇರಿ ಕೇಕೆ ಹಾಕಿದರು. ಓಟಿಗಾಗಿ ಕೊನೆಯವರೆಗೂ ಹೋರಾಡಿದವರು ಚೇಂಬರ್ಸ್. 2008ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ವಿದ್ಯುತ್ ಕುರ್ಚಿ ಕ್ರೂರವೆಂದು ತೀರ್ಪು ಕೊಟ್ಟಿತು. ಮರುವರ್ಷ ಸರ್ಕಾರ ವಿಷದ ಚುಚ್ಚುಮದ್ದನ್ನು ತಂದಿತು.

ಇಲ್ಲಿ ಒಂದು ವಿಚಿತ್ರವಿದೆ. ಆ ಔಷಧ ಅಮೆರಿಕದಲ್ಲಿ ಸಿಗುವುದು ನಿಂತುಹೋಯಿತು. 2015ರಲ್ಲಿ ನೆಬ್ರಾಸ್ಕಾ ಸರ್ಕಾರ ಕೋಲ್ಕತ್ತಾದ ಒಬ್ಬ ಮಧ್ಯವರ್ತಿಗೆ 54,400 ಡಾಲರ್ ಕೊಟ್ಟು ಔಷಧ ತರಿಸಲು ನೋಡಿತು. ಆಮದು ಕಾನೂನುಬಾಹಿರ ಎಂದು ಕೇಂದ್ರದ ಔಷಧ ಇಲಾಖೆ ಹೇಳಿತು. ಸರಕೂ ಬರಲಿಲ್ಲ, ಹಣವೂ ಬರಲಿಲ್ಲ. ‘ಕೊಲ್ಲಲಾಗದ ಮರಣದಂಡನೆಗೆ ಇಷ್ಟು ಖರ್ಚು ಏಕೆ’ ಎಂದು ಸಂಪ್ರದಾಯವಾದಿ ಸದಸ್ಯರೇ ಆಗಲೇ ಕೇಳತೊಡಗಿದ್ದರು. ಭ್ರೂಣಹತ್ಯೆ ವಿರೋಧಿಸುವವರು ಇದನ್ನೂ ವಿರೋಧಿಸಬೇಕೆಂದು ಕ್ಯಾಥೊಲಿಕ್ ಬಿಷಪ್ಪರು ಹೇಳುತ್ತಿದ್ದರು. ಕೋಲ್ಬಿ ಕೋಶ್‌ರಂಥ ರಿಪಬ್ಲಿಕನ್ನರು ಚೇಂಬರ್ಸ್ ಮಸೂದೆಗೆ ಹೆಗಲು ಕೊಟ್ಟರು.

ಮೇ ತಿಂಗಳಲ್ಲಿ 32-15ರಿಂದ ಅಂಗೀಕಾರ. ಗವರ್ನರ್ ಪೀಟ್ ರಿಕೆಟ್ಸ್ ವೀಟೋ. ವೀಟೋ ಮುರಿಯಲು 30 ಮತ ಬೇಕು. ಮೇ 27ರಂದು ಬಿದ್ದದ್ದು 30-19. ಒಂದು ಕಡಿಮೆಯಾಗಿದ್ದರೂ ಮುಗಿಯುತ್ತಿತ್ತು. ಎರಡು ತಿಂಗಳ ಹಿಂದೆ ‘ಕ್ಷಮೆ ಕೇಳು’ ಎಂದು ಕೂಗಿದ ಸದನವೇ ಇದು, ಗಮನಿಸಿ.

ಹುಬ್ಬಳ್ಳಿ ವಕೀಲ:

ಮಾಸ್ತರ, ಮುಂದಿಂದೂ ಹೇಳಿಬಿಡ್ರಿ. ಇಲ್ಲಾಂದ್ರ ಕಥಿ ಸುಖಾಂತ ಅಂದ್ಕೊಂತಾರ ಮಂದಿ.

ಮಾಸ್ತರು (ನಿವೃತ್ತ):

ಹೇಳುತ್ತೇನೆ. ರಿಕೆಟ್ಸ್ ಶ್ರೀಮಂತ ಮನೆತನದವರು. ತಮ್ಮ ಸ್ವಂತ ಹಣವನ್ನೂ ಹಾಕಿ ಸಹಿ ಸಂಗ್ರಹ ಅಭಿಯಾನಕ್ಕೆ ಬೆಂಬಲ ಕೊಟ್ಟರು. ಸಾಕಷ್ಟು ಸಹಿ ಬಿದ್ದ ಕಾರಣ ಕಾನೂನು ಜಾರಿಯಾಗದೆ ತಡೆಹಿಡಿಯಲ್ಪಟ್ಟಿತು. 2016ರ ನವೆಂಬರ್‌ನಲ್ಲಿ ಜನಮತ. ಸುಮಾರು 61 ಶೇಕಡಾ ಜನ ಮರಣದಂಡನೆ ಬೇಕು ಎಂದರು. 2018ರ ಆಗಸ್ಟ್ 14ರಂದು ಕೇರಿ ಡೀನ್ ಮೂರ್ ಎಂಬ ಕೈದಿಗೆ ಚುಚ್ಚುಮದ್ದು. ಅದರಲ್ಲಿ ಫೆಂಟನಿಲ್ ಬಳಸಿದ್ದು ಅಮೆರಿಕದಲ್ಲೇ ಮೊದಲು. ಆಗ ಚೇಂಬರ್ಸ್ ಇನ್ನೂ ಸದನದಲ್ಲಿದ್ದರು.

ಸಂದೇಹಿ:

ಹಾಗಾದರೆ ನನ್ನ ಮೊದಲ ಪ್ರಶ್ನೆಗೇ ಬಂದಂತಾಯಿತು. 40 ವರ್ಷ ಸದನವನ್ನು ಒಲಿಸಿದರು, ಜನರನ್ನು ಒಲಿಸಲಿಲ್ಲ. ನಿಯಮದ ಪುಸ್ತಕ 49 ಜನರ ಮೇಲೆ ನಡೆಯುತ್ತೆ, ಹೊರಗಿನವರ ಮೇಲೆ ನಡೆಯಲ್ಲ.

ಬೀದಿಬೆಳಕು:

ಅದು ನಿಜ. ನನ್ನ ವಾದಕ್ಕೆ ಈ ಎಳೆಯಲ್ಲಿ ಬಿದ್ದ ಗಟ್ಟಿ ಪೆಟ್ಟು ಇದೇ. ಆದರೆ ಒಂದು ಮಾತು: 11ನೇ ಕ್ಷೇತ್ರದ ಜನ ಅವನನ್ನು ಕಳಿಸಿದ್ದು ಇಡೀ ನೆಬ್ರಾಸ್ಕಾವನ್ನು ಒಲಿಸು ಅಂತ ಅಲ್ಲ. ರಾಜ್ಯದಲ್ಲಿ ಕರಿಯರ ಪಾಲು ತೀರಾ ಸಣ್ಣದು. ಹಾಗಿರುವಾಗ ಜನಮತದಲ್ಲಿ ಗೆಲ್ಲೋದು ಅವರ ಕೈಲಿ ಯಾವತ್ತೂ ಇರಲಿಲ್ಲ, ಸದನದಲ್ಲಿ ತಡೆಯೋದು ಮಾತ್ರ ಇತ್ತು. ಇದ್ದ ಒಂದೇ ಸಾಧನವನ್ನು ಅವನು ಬಳಸಿದ.

ಸಂದೇಹಿ:

ಅಷ್ಟಕ್ಕೆ ಒಪ್ಪಿದೆ. ‘ಒಬ್ಬನೇ ಸದನ ಆಳಿದ’ ಅಂತ ಯಾರಾದರೂ ಅಂದರೆ ಮಾತ್ರ ಒಪ್ಪಲ್ಲ. 2015ರ ಆ 30 ಮತದಲ್ಲಿ 29 ಬೇರೆಯವರದು.

ಕಾಫಿತೋಟ:

ಈಗೆಲ್ಲಿದಾರೆ?

ಪ್ರೇರಿ ಅಕ್ಕ:

ಎರಡನೇ ಸುತ್ತಿನ 8 ವರ್ಷ ಮುಗಿದು 2021ರ ಜನವರಿಯಲ್ಲಿ ಹೊರಬಂದರು, ವಯಸ್ಸು 83. ಆ ಕ್ಷೇತ್ರದಿಂದ ಈಗ ಟೆರೆಲ್ ಮೆಕಿನ್ನಿ, 2020ರಲ್ಲಿ ಗೆದ್ದವರು. ಸಂಬಳ ಅದೇ 12,000.

ಕಾಫಿತೋಟ:

ಮತ್ತೆ ಆ ಪ್ರಾರ್ಥನೆ? ನಿಂತಿತಾ?

ಹುಬ್ಬಳ್ಳಿ ವಕೀಲ:

ಎಲ್ಲಿ ನಿಲ್ತೈತಿ ಮಾರಾಯಾ. ನಡದೈತಿ. ಅಷ್ಟ ಅಲ್ಲ, 2014ರಾಗ ನ್ಯೂಯಾರ್ಕ್ ರಾಜ್ಯದ ಗ್ರೀಸ್ ಅನ್ನೋ ಊರಿನ ಪಂಚಾಯತಿ ಸಭಾದಾಗ ಪ್ರಾರ್ಥನಾ ಮಾಡೂದು ಸರಿಯೋ ತಪ್ಪೋ ಅಂತ ಕೇಸ್ ಬಂತು. ಸುಪ್ರೀಂ ಕೋರ್ಟು ಸರಿ ಅಂತು, 5-4. ಆಧಾರ ಯಾವ ತೀರ್ಪು? ಮಾರ್ಷ್ ವಿರುದ್ಧ ಚೇಂಬರ್ಸ್.

ಬೀದಿಬೆಳಕು:

ವಕೀಲರೇ 🙏 ಮಾಸ್ತರೇ, ಆ ಜಾರ್ಜ್ ನಾರಿಸ್ ಬಗ್ಗೆ ಬೇರೆ ಎಳೆ ನೀವೇ ಶುರು ಮಾಡಿ. ಇಲ್ಲಿ ಈಗಾಗಲೇ ಬಹಳ ಉದ್ದವಾಯಿತು.